ಮಳೆಗೂ ಹುಳಕ್ಕೂ ಒಂದೇ ಬಾಗಿಲು

ಕೆಲಸ ಅರಸಿ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಬಾಡಿಗೆ ಮನೆಗಳಿಗೆ ಬಂದವರಿಗೆ ಜಿರಳೆ, ತಿಗಣೆ, ಹೆಗ್ಗಣಗಳ ಕಾಟ ಒಂದೆಡೆ, ಬಿರುಮಳೆಯ ಕಾಟ ಇನ್ನೊಂದೆಡೆ. ಎರಡನ್ನೂ ಬೇರೆ ಬೇರೆ ಎಂದುಕೊಂಡಷ್ಟು ದಿನ ಎರಡೂ ಬಿಡುವುದಿಲ್ಲ. 2024ರ ಕಥೆಯನ್ನೇ ನೋಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಬೋರ್‌ವೆಲ್ ಬತ್ತಿದ ಬಡಾವಣೆಗಳಲ್ಲಿ ಜನ ಟ್ಯಾಂಕರ್ ಹಾದಿ ಕಾಯುತ್ತ, ಸಿಕ್ಕ ಸಿಕ್ಕ ಡ್ರಮ್ಮು, ಬಕೆಟ್ಟುಗಳಲ್ಲಿ ನೀರು ತುಂಬಿಟ್ಟುಕೊಳ್ಳುತ್ತಿದ್ದ ಕಾಲ ಅದು. ಅದೇ ವರ್ಷ ಜೂನ್ 2ರಂದು ನಗರದಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆಯಾಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಕೊಂಡಿದ್ದ ದಾಖಲೆ ಅಂದು ಮುರಿಯಿತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು–ನಲವತ್ತರ ಸೈಟು ಎಂದರೆ ಸುಮಾರು 111 ಚದರ ಮೀಟರ್. ಗುಣಿಸಿ ನೋಡಿದರೆ, ಅಂದಿನ ಮಳೆ ಅಂಥ ಒಂದೊಂದು ಸೈಟಿನ ಮೇಲೂ 12,000 ಲೀಟರಿನ ಒಂದು ಟ್ಯಾಂಕರನ್ನು ಪುಕ್ಕಟೆಯಾಗಿ ಸುರಿದು ಹೋಗಿತ್ತು.

ಆ ನೀರು ಸಂಪಿಗೆ ಇಳಿಯಲಿಲ್ಲ. ಬೀದಿಗೆ ಹರಿಯಿತು, ಚರಂಡಿ ತುಂಬಿತು, ಚೇಂಬರ್ ಉಕ್ಕಿಸಿತು. ಮೂರು ತಿಂಗಳು ಡ್ರಮ್ಮಿನ ನೀರಿನಲ್ಲಿ ಬೆಳೆದ ಸೊಳ್ಳೆಯ ಜೊತೆಗೆ ಚರಂಡಿಯ ಜಿರಳೆಯೂ ಮನೆಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನೀರಿನ ಬರ, ನೆರೆ, ಸೊಳ್ಳೆ, ಜಿರಳೆ ಎಲ್ಲವೂ ಒಂದೇ ವರ್ಷದ, ಒಂದೇ ಬೀದಿಯ ಕಥೆ. ನೀರಿಗೆ ಸರಿಯಾದ ದಾರಿ ಇಲ್ಲದ ಕಡೆ ಹುಳುಹುಪ್ಪಟೆಗೆ ದಾರಿ ತೆರೆದೇ ಇರುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆಗೆ ಇರುವವರು ಮೊದಲು ತಿಳಿಯಬೇಕಾದ್ದು ಇದು.

ಊರಿನ ಮಳೆ ಬೇರೆ, ಇಲ್ಲಿನ ಮಳೆ ಬೇರೆ

ಪರಊರಿನಿಂದ ಬಂದವರು ತಮ್ಮ ಊರಿನ ಮಳೆಯ ಲೆಕ್ಕವನ್ನೂ ತಂದಿರುತ್ತಾರೆ. ಮಂಗಳೂರು, ಉಡುಪಿಯವರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿದ ಮಳೆ ಕಂಡು ಗೊತ್ತು. ಜೂನ್‌ನಲ್ಲಿ ಬೆಂಗಳೂರಿನ ಜಿನುಗು ಮಳೆ ನೋಡಿ ಅವರು ನಗುತ್ತಾರೆ. ರಾಯಚೂರು, ಕಲಬುರಗಿಯ ಕಡೆಯವರು ಮೋಡ ಕಂಡರೆ ಖುಷಿಪಡುತ್ತಾರೆ. ಒಡಿಶಾ, ಬಂಗಾಳದಿಂದ ಬಂದವರು ಚಂಡಮಾರುತಗಳನ್ನೇ ದಾಟಿ ಬಂದವರು. ಈ ಯಾವ ಅನುಭವವೂ ಇಲ್ಲಿ ನೇರವಾಗಿ ಕೆಲಸಕ್ಕೆ ಬರುವುದಿಲ್ಲ.

ಬೆಂಗಳೂರಿನ ವಾರ್ಷಿಕ ಮಳೆ ಸಾಮಾನ್ಯವಾಗಿ ಸಾವಿರ ಮಿಲಿಮೀಟರಿನ ಒಳಗೆ. ಆದರೆ ಅದು ಹಂಚಿಕೊಂಡು ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಹಗಲೆಲ್ಲ ಕಾದ ನೆಲದ ಮೇಲೆ ಸಮುದ್ರದ ಕಡೆಯ ತೇವದ ಗಾಳಿ ಸೇರಿ, ಸಂಜೆ ನಾಲ್ಕರ ಮೇಲೆ ಗುಡುಗು, ಸಿಡಿಲು, ಆಲಿಕಲ್ಲಿನೊಂದಿಗೆ ಒಂದೆರಡು ಗಂಟೆ ಹೊಡೆದು ಹೋಗುತ್ತದೆ. ಜೂನ್–ಜುಲೈನ ಮುಂಗಾರು ಪಶ್ಚಿಮಘಟ್ಟದ ಆಚೆಗೇ ಬಹುಪಾಲು ಸುರಿದು ಬರುವುದರಿಂದ ಇಲ್ಲಿಗೆ ಹೆಚ್ಚಾಗಿ ತುಂತುರು. ನಿಜವಾದ ಮಳೆಗಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಎಲ್ಲಕ್ಕಿಂತ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್. 1988ರ ಸೆಪ್ಟೆಂಬರ್ 12ರಂದು ಒಂದೇ ದಿನ 177.6 ಮಿಲಿಮೀಟರ್ ಸುರಿದಿತ್ತು. 2005ರ ಅಕ್ಟೋಬರ್ ಒಂದರಲ್ಲೇ 600 ಮಿಲಿಮೀಟರ್ ದಾಟಿತ್ತು. ಆಮೇಲೂ ಕಥೆ ಮುಗಿಯುವುದಿಲ್ಲ. ನವೆಂಬರ್–ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತ ತಮಿಳುನಾಡಿನ ಕರಾವಳಿ ಮುಟ್ಟಿದರೆ, ಅದರ ಬಾಲ ಎಲೆಕ್ಟ್ರಾನಿಕ್ ಸಿಟಿಯನ್ನೂ ನೆನೆಸುತ್ತದೆ.

ಹಳ್ಳಿಯ ರೈತರು ಇದನ್ನು ನಕ್ಷತ್ರದ ಹೆಸರಿನಲ್ಲಿ ಹೇಳುತ್ತಾರೆ. ಏಪ್ರಿಲ್ ಕೊನೆಯಿಂದ ಭರಣಿ, ಮೇ ನಡುವಿಗೆ ಕೃತ್ತಿಕೆ, ಆಮೇಲೆ ರೋಹಿಣಿ, ಆಗಸ್ಟ್ ಕೊನೆಗೆ ಹುಬ್ಬೆ, ಮುಂದೆ ಉತ್ತರೆ, ಹಸ್ತ, ಚಿತ್ತೆ. ಬೆಂಗಳೂರಿನ ಈಚಿನ ನೆರೆಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲ ಹುಟ್ಟುತ್ತದೆ. 2022ರ ಸೆಪ್ಟೆಂಬರಿನ ಮಹಾನೆರೆ ಹುಬ್ಬೆ ಮಳೆ. 2024ರ ಜೂನ್ 2ರದ್ದು ರೋಹಿಣಿ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಮುಳುಗಿದ 2024ರ ಅಕ್ಟೋಬರಿನದು ಚಿತ್ತೆ. 2025ರ ಮೇ 18ರ ರಾತ್ರಿ ಸಾಯಿ ಲೇಔಟ್ ಜನರನ್ನು ಟ್ರ್ಯಾಕ್ಟರ್ ಹತ್ತಿಸಿದ್ದು ಕೃತ್ತಿಕೆ. ಬಿತ್ತನೆಗೆ ಕಾದು ಕೂರುತ್ತಿದ್ದ ಮಳೆಗಳೇ ಇವು. ಈಗ ಬಿತ್ತುವ ಹೊಲ ಇಲ್ಲ, ಅಷ್ಟೆ.

ಕೆರೆಯಂಗಳದ ಬಾಡಿಗೆದಾರರು

ಬೆಂಗಳೂರು ದಿಣ್ಣೆಯ ಮೇಲಿನ ಊರು. ಇಲ್ಲಿ ಬಿದ್ದ ನೀರು ಕೆರೆಯಿಂದ ಕೆರೆಗೆ ಇಳಿಯುತ್ತ ಕೊನೆಗೆ ನದಿ ಸೇರುತ್ತದೆ. ನಗರದ ಆಗ್ನೇಯ ಭಾಗದ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಕೆರೆಗಳ ನಡುವಿನ ಕೊಂಡಿಯೇ ರಾಜಕಾಲುವೆ. ಕೆರೆ ಏರಿಯ ಕೆಳಗೆ ಗದ್ದೆ, ಗದ್ದೆಯ ಅಂಚಿನಲ್ಲಿ ಹಳ್ಳಿ. ಕುಂದಲಹಳ್ಳಿ, ತೂಬರಹಳ್ಳಿ, ಪಣತ್ತೂರು, ಗುಂಜೂರು ಎಲ್ಲವೂ ಹಾಗೆ ನೀರು ನೋಡಿ ಕೂತ ಊರುಗಳು.

ವೈಟ್‌ಫೀಲ್ಡ್ ಮಾತ್ರ ಮೊದಲಿನಿಂದಲೂ ಹೊರಗಿನಿಂದ ಬಂದವರ ಊರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೃಷಿ ನೆಲೆಗಾಗಿ ಸುಮಾರು 3,900 ಎಕರೆ ಕೊಟ್ಟರು. ಆ ಚಳವಳಿಯ ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಅದೇ ದಶಕದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಲೇತು ತಿರುಗತೊಡಗಿತು. ಕಾರ್ಖಾನೆ, ಕಚೇರಿಗಳಿಗೆ ನಕ್ಷೆ ಇತ್ತು. ಅಲ್ಲಿ ದುಡಿಯುವವರು ಎಲ್ಲಿ ಮಲಗಬೇಕು ಎಂಬುದಕ್ಕೆ ನಕ್ಷೆ ಇರಲಿಲ್ಲ. ಪಕ್ಕದ ಹಳ್ಳಿಗಳು ಗದ್ದೆ, ತೋಟಗಳನ್ನು ರೆವಿನ್ಯೂ ಸೈಟು ಮಾಡಿ, ಪಿಜಿ, ವಠಾರ, ಶೀಟಿನ ಮನೆ, ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟವು. ಚರಂಡಿ ಆಮೇಲೆ ಬಂತು. ಕೆಲವು ಕಡೆ ಇನ್ನೂ ಬರುವುದಿದೆ.

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಯಲ್ಲಿ ಇದರ ಲೆಕ್ಕ ಬಯಲಾಯಿತು. ಇಪ್ಪತ್ನಾಲ್ಕು ಗಂಟೆಯಲ್ಲಿ 131.6 ಮಿಲಿಮೀಟರ್. ಯಮಲೂರು, ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರತಂದರು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳನ್ನು ಜಗತ್ತೇ ನೋಡಿತು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ, ನಗರದ ಅನೇಕ ಕಡೆ ಕಾವೇರಿ ನೀರು ನಿಂತಿತು. ಮನೆಯೊಳಗೆ ಸೊಂಟಮಟ್ಟ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಕೋಟಿಗಳ ವಿಲ್ಲಾಕ್ಕೂ ಮುನ್ನೆಕೊಳಾಲದ ಟಾರ್ಪಾಲಿನ್ ಗುಡಿಸಲಿಗೂ ಮಳೆ ಒಂದೇ ಆಗಿತ್ತು. ನೀರು ಇಳಿದ ಮೇಲೆ ಬಂದ ಜಿರಳೆ, ಹೆಗ್ಗಣ, ನೀರುಹಾವುಗಳೂ ಬಾಡಿಗೆ ಎಷ್ಟು ಎಂದು ಕೇಳಿ ಬರಲಿಲ್ಲ.

ಯಾವ ಮಳೆಗೆ ಯಾವ ಹುಳ

ಭರಣಿ, ಕೃತ್ತಿಕೆಯ ಮೊದಲ ಜೋರುಮಳೆಯ ಸಂಜೆ ಟ್ಯೂಬ್‌ಲೈಟಿಗೆ ಸಾವಿರಾರು ರೆಕ್ಕೆಹುಳ ಮುತ್ತುತ್ತವೆ. ಹಳ್ಳಿಯವರು ಈಸಲು ಎನ್ನುವ ಇವು ಗೆದ್ದಲಿನ ಸಂತಾನ. ಹುತ್ತದಿಂದ ಹೊರಟು ಜೊತೆಗಾರರನ್ನು ಹುಡುಕಿ ಹೊಸ ಗೂಡು ಕಟ್ಟಲು ಹಾರುತ್ತವೆ. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅವಕ್ಕೆ ಗೂಡು ಕಟ್ಟಲು ಮಣ್ಣಿಲ್ಲ. ರೆಕ್ಕೆ ಉದುರಿಸಿ ಸಾಯುತ್ತವೆ. ಅರ್ಧ ಗಂಟೆ ಒಳಗಿನ ದೀಪ ಆರಿಸಿ, ಬಾಲ್ಕನಿಯ ಬಲ್ಬಿನ ಕೆಳಗೆ ಒಂದು ಬೇಸಿನ್ ನೀರಿಟ್ಟರೆ ಸಾಕು, ಬೆಳಿಗ್ಗೆ ಪೊರಕೆಯ ಕೆಲಸ. ಇದಕ್ಕೆ ಔಷಧಿ ಹೊಡೆಯುವವರನ್ನು ಕರೆದು ದುಡ್ಡು ಕೊಡುವುದು ದಂಡ. ಹೆದರಬೇಕಾದ್ದು ಬಾಗಿಲ ಚೌಕಟ್ಟು, ವಾರ್ಡ್‌ರೋಬ್ ಹಿಂದೆ ಗೋಡೆ ಹತ್ತುವ ಮಣ್ಣಿನ ಸಣ್ಣ ಗೆರೆಗೆ. ಅದು ಕಂಡರೆ ಗೆದ್ದಲು ನೆಲದಿಂದ ಮನೆಗೆ ದಾರಿ ಹಾಕಿಕೊಂಡಿದೆ ಎಂದರ್ಥ. ಅಲ್ಲಿ ಔಷಧಿ ಬೇಕು. ಗೋಡೆಗೆ ನೀರು ಜಿನುಗುತ್ತಿರುವುದು ಎಲ್ಲಿಂದ ಎಂದು ಹುಡುಕಿ ನಿಲ್ಲಿಸುವುದು ಅದಕ್ಕಿಂತ ಮೊದಲು ಬೇಕು.

ಇದೇ ದಿನಗಳಲ್ಲಿ ಬಿರುಗಾಳಿ. ಪೀಣ್ಯದ ಸುತ್ತಲಿನ ಹೆಗ್ಗನಹಳ್ಳಿ, ಲಗ್ಗೆರೆ, ಚೊಕ್ಕಸಂದ್ರದ ಶೀಟಿನ ಮನೆಗಳಲ್ಲಿ ಗಾಳಿಗೆ ಶೀಟು ಹಾರದಿರಲೆಂದು ಮೇಲೆ ಕಲ್ಲು, ಹಳೆಯ ಟೈರು ಹೇರುತ್ತಾರೆ. ಕಲ್ಲು ಗಾಳಿಗೆ ಜಾರಿ ಕೆಳಗಿದ್ದವರ ತಲೆಗೆ ಬೀಳಬಹುದು. ಟೈರಿನೊಳಗೆ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಬಿರುಗಾಳಿಗೆ ಮಾಡಿಕೊಂಡ ರಕ್ಷಣೆಯೇ ಜ್ವರ ತಂದ ಹಾಗಾಯಿತು. ಶೀಟನ್ನು ಕಬ್ಬಿಣದ ಪೈಪಿಗೆ ಜೆ ಹುಕ್ ಹಾಕಿ ಬಿಗಿಸುವುದು ಸರಿಯಾದ ದಾರಿ. ಆಗದಿದ್ದರೆ ಮರಳಿನ ಚೀಲ ಕಟ್ಟಬಹುದು. ಟೈರೇ ಗತಿಯಾದರೆ ನಾಲ್ಕು ತೂತು ಕೊರೆದು ನೀರು ನಿಲ್ಲದಂತೆ ಮಾಡಬೇಕು.

ಈಡಿಸ್ ಹಗಲು ಕಚ್ಚುವ ಸೊಳ್ಳೆ. ಕೊಳಚೆಗಿಂತ ಡ್ರಮ್ಮು, ಹೂಕುಂಡದ ತಟ್ಟೆ, ಮುಚ್ಚಳ ಸರಿಯಿಲ್ಲದ ಸಂಪಿನ ತಿಳಿನೀರು ಅದಕ್ಕೆ ಹೆಚ್ಚು ಇಷ್ಟ. ಮೊಟ್ಟೆ ಒಣಗಿ ಅಂಟಿಕೊಂಡಿದ್ದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಕಿದೊಡನೆ ಒಡೆಯುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ ಎನ್ನುವುದು ಇದಕ್ಕೇ. ಬರೀ ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ. 2024ರ ಘೋಷಣೆಯ ಜೊತೆ ಬಂದ ನಿಯಮದಂತೆ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗಳಿಗೆ 400 ರೂಪಾಯಿ, ಕಟ್ಟಡ ಕಾಮಗಾರಿ ಜಾಗ ಮತ್ತು ಖಾಲಿ ಸೈಟುಗಳಿಗೆ 2,000 ರೂಪಾಯಿ ದಂಡ. ವೈಟ್‌ಫೀಲ್ಡಿನಲ್ಲಿ ಪಕ್ಕದ ಕಟ್ಟಡದ ಕ್ಯೂರಿಂಗ್ ನೀರು ವಾರಗಟ್ಟಲೆ ನಿಂತಿದ್ದರೆ ಬಾಡಿಗೆದಾರರು ಸುಮ್ಮನಿರಬೇಕಾಗಿಲ್ಲ ಎಂಬುದು ಇದರಿಂದ ತಿಳಿಯಬೇಕು. ಸಂಜೆ ಕಿವಿಯ ಹತ್ತಿರ ಗುಂಯ್‌ಗುಡುವುದು ಕ್ಯೂಲೆಕ್ಸ್. ಅದು ಚರಂಡಿ, ಕೊಳೆತ ಕೆರೆಗಳ ಸೊಳ್ಳೆ. ಮಳೆ ನಿಂತು ಚರಂಡಿಯ ಹರಿವು ಸತ್ತ ಮೇಲೆ ಅದರ ಸುಗ್ಗಿ.

ಜೂನ್–ಜುಲೈ ತುಂತುರಿನಲ್ಲಿ ತೇವದ್ದೇ ಕಾರುಬಾರು. ವಾರ್ಡ್‌ರೋಬಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಕಾಂಪೌಂಡಿನ ಗೋಡೆಗೆ ಅಂಗೈಯಷ್ಟು ದೊಡ್ಡ ಬಸವನಹುಳು ಹತ್ತುತ್ತದೆ. ಈ ಆಫ್ರಿಕಾದ ದೈತ್ಯ ಬಸವನಹುಳು ನಮ್ಮ ದೇಶಕ್ಕೆ ತಾನಾಗಿ ಬಂದದ್ದಲ್ಲ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಬಸವನಹುಳುಗಳಲ್ಲಿ ಆಸಕ್ತಿಯಿದ್ದ ಒಬ್ಬರು ತಂದು ಬಿಟ್ಟದ್ದು ಈಗ ದೇಶವೆಲ್ಲ ಹಬ್ಬಿದೆ. ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳು ಆಡದಂತೆ ನೋಡಿಕೊಳ್ಳಬೇಕು. ಅದರ ಮೈಯಲ್ಲಿ ಮನುಷ್ಯರ ಮೆದುಳಿಗೆ ತೊಂದರೆ ಮಾಡುವ ಪರಾವಲಂಬಿ ಹುಳು ಇರಬಹುದು. ಗ್ಲೋವ್ಸ್ ಹಾಕಿ ಆಯ್ದು ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು.

ಹುಬ್ಬೆಯಿಂದ ಚಿತ್ತೆಯವರೆಗಿನದು ದೊಡ್ಡ ಮಳೆ. ಚರಂಡಿ ತುಂಬಿದರೆ ಅಲ್ಲಿದ್ದ ಕಂದುಗೆಂಪಿನ ದೊಡ್ಡ ಜಿರಳೆಗಳು ಪೈಪು ಹಿಡಿದು ಬಚ್ಚಲಿಗೆ ಏರುತ್ತವೆ. ಹೆಗ್ಗಣಗಳ ಬಿಲಕ್ಕೆ ನೀರು ಹೊಕ್ಕರೆ ಅವು ಬೇಸ್‌ಮೆಂಟಿಗೆ, ಕಾರಿನ ಬಾನೆಟ್ ಒಳಗೆ ಸೇರುತ್ತವೆ. ಇಲಿ ಹೋದ ಕಡೆ ಹಾವು ಹೋಗುತ್ತದೆ. ನೆರೆನೀರಿನಲ್ಲಿ ಬರುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದ ನೀರುಹಾವು, ಕೇರೆ. ಆದರೆ ಹೊರವಲಯದಲ್ಲಿ ನಾಗರ, ಕೊಳಕುಮಂಡಲಗಳೂ ಇವೆ. ಗುರುತು ಹಿಡಿಯಲು ಹೋಗದೆ ಪಾಲಿಕೆಯ ಸಹಾಯವಾಣಿಗೆ ಹೇಳಬೇಕು. ಹೊರಗೆ ಬಿಟ್ಟ ಶೂ, ಚಪ್ಪಲಿಯನ್ನು ಕೊಡವದೆ ಕಾಲು ಹಾಕಬಾರದು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ.

ನೆರೆನೀರಿನಲ್ಲಿ ನಡೆದವರಿಗೆ ಇನ್ನೊಂದು ಅಪಾಯ ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದ ಒಳಸೇರಿದರೂ ಸಾಕು. ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೆರೆನೀರು ತುಳಿದ ಸಂಗತಿಯನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಎಲ್ಲ ಜ್ವರವೂ ಡೆಂಗಿ ಎಂದುಕೊಳ್ಳುವ ಕಾಲದಲ್ಲಿ ಈ ಒಂದು ಮಾತು ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಬಹುದು. ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನವರು ಕೆಂಪು–ಕಪ್ಪು ಪಟ್ಟೆಯ, ಅಕ್ಕಿಕಾಳಿನುದ್ದದ ಹುಳ ಕುತ್ತಿಗೆಯ ಮೇಲೆ ಕೂತರೆ ಹೊಡೆಯಬಾರದು, ಊದಿ ಹಾರಿಸಬೇಕು. ಆ್ಯಸಿಡ್ ಹುಳ ಎಂದು ಹೆಸರಾದ ಇದು ಕಚ್ಚುವುದಿಲ್ಲ. ಜಜ್ಜಿದಾಗ ಹೊರಬರುವ ರಸ ಚರ್ಮವನ್ನು ಸುಟ್ಟ ಹಾಗೆ ಬೊಬ್ಬೆ ಎಬ್ಬಿಸುತ್ತದೆ. ತಾಕಿದ ಜಾಗವನ್ನು ಸೋಪುನೀರಿನಲ್ಲಿ ತೊಳೆಯಬೇಕು.

ಸೂಟ್‌ಕೇಸಿನಲ್ಲಿ ಬಂದವರು

ಎರಡು ಹುಳಗಳಿಗೆ ಮಳೆಯ ಹಂಗಿಲ್ಲ. ಮೊದಲನೆಯದು ತಿಗಣೆ. “ರಾತ್ರಿಯೆಲ್ಲಾ ತಗಣಿ ಕಡದು ಮೈಗೆ ದದ್ದು ಬಂದಾವ್ರಿ” ಎಂದು ಉತ್ತರ ಕರ್ನಾಟಕದ ಹುಡುಗ ಹೇಳಿದರೆ, “ಮೊನ್ನೆ ತಾನೆ ಸ್ಪ್ರೇ ಹೊಡ್ಸಿದೀನಲ್ಲಪ್ಪ” ಎಂದು ಪಿಜಿ ಮಾಲೀಕರು ಹೇಳುತ್ತಾರೆ. ಇಬ್ಬರದೂ ಸುಳ್ಳಲ್ಲ. ತಿಗಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಹಾಸಿಗೆಯ ಹೊಲಿಗೆ, ಪ್ಲೈವುಡ್ ಮಂಚದ ಸಂದು, ಸ್ವಿಚ್‌ಬೋರ್ಡಿನ ಹಿಂದೆ ಅಡಗಿರುವ ಮೊಟ್ಟೆಗೆ ಸ್ಪ್ರೇ ತಾಗುವುದಿಲ್ಲ. ಒಂದೇ ರೂಮಿಗೆ ಹೊಡೆಸಿದರೆ ಪಕ್ಕದ ರೂಮಿಗೆ ನಡೆಯುತ್ತವೆ. ಇಡೀ ಮಹಡಿಗೆ ಒಮ್ಮೆಲೇ, ಎರಡು ವಾರ ಬಿಟ್ಟು ಮತ್ತೊಮ್ಮೆ ಹೊಡೆಸಬೇಕು. ಬಿಸಿ ಇದರ ವೈರಿ. ಐವತ್ತು ಡಿಗ್ರಿ ಮೀರಿದ ಬಿಸಿಗೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಬಟ್ಟೆ, ಹೊದಿಕೆಗಳನ್ನು ಕುದಿನೀರಿನಲ್ಲಿ ಅದ್ದುವುದು, ಕಬ್ಬಿಣದ ಮಂಚದ ಸಂದಿಗೆ ಕುದಿನೀರು ಸುರಿಯುವುದು ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸ, ಈಗಲೂ ನಡೆಯುತ್ತದೆ. ತಿಗಣೆ ರೋಗ ಹರಡುವುದಿಲ್ಲ, ನಿದ್ದೆ ಕದಿಯುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಬ್ಯಾಗನ್ನು ಬಿಸಿಲಿನಲ್ಲಿ ಕೊಡವದೆ ಹೋದರೆ ಊರಿನ ಮನೆಗೂ ಹೋಗುತ್ತದೆ.

ಎರಡನೆಯದು ಅಡುಗೆಮನೆಯ ಸಣ್ಣ ಜಿರಳೆ. ಕುತ್ತಿಗೆಯ ಹಿಂದೆ ಎರಡು ಕಪ್ಪು ಗೆರೆ, ಅರ್ಧ ಇಂಚಿನ ಮೈ. ಫ್ರಿಜ್ಜಿನ ಮೋಟಾರು, ಮಿಕ್ಸಿಯ ತಳ, ಗ್ಯಾಸ್ ಕಟ್ಟೆಯ ಬಿರುಕು ಇದರ ಮನೆ. ಹೆಣ್ಣು ಮೂವತ್ತು–ನಲವತ್ತು ಮೊಟ್ಟೆಗಳ ಚೀಲವನ್ನು ಒಡೆಯುವವರೆಗೂ ಮೈಯಲ್ಲೇ ಹೊತ್ತು ತಿರುಗುತ್ತದೆ. ವಿಜ್ಞಾನಿಗಳು 1767ರಿಂದ ಇದನ್ನು ಜರ್ಮನಿಯ ಜಿರಳೆ ಎಂದೇ ಕರೆಯುತ್ತ ಬಂದಿದ್ದರು. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಸುತ್ತಿನಲ್ಲಿ ಕಾಡುಜಿರಳೆಯಿಂದ ಕವಲೊಡೆದು ಮನುಷ್ಯರ ಮನೆ ಸೇರಿತು ಎಂದು ತೋರಿಸಿದೆ. ವ್ಯಾಪಾರಿಗಳ, ಸೈನಿಕರ ಸಾಮಾನಿನ ಜೊತೆ ಪರದೇಶಕ್ಕೆ ಹೋಗಿ, ಅಲ್ಲಿಂದ ಲೋಕವೆಲ್ಲ ಸುತ್ತಿದ ನಮ್ಮ ಕಡೆಯದೇ ಹುಳ. ಸ್ಪ್ರೇ ಹೊಡೆದರೆ ಚೆದುರಿ ಪಕ್ಕದ ಮನೆಗೆ ಹೋಗಿ ಮರಳಿ ಬರುತ್ತದೆ. ಸಾಸಿವೆಯಷ್ಟು ಜೆಲ್ ಅನ್ನು ಹತ್ತಾರು ಸಂದಿಗಳಲ್ಲಿ ಇಡುವುದು, ಇಲ್ಲವೇ ಬೋರಿಕ್ ಪುಡಿಯನ್ನು ಹಿಟ್ಟಿನಲ್ಲಿ ಕಲಸಿ ಮಕ್ಕಳ ಕೈಗೆ ಸಿಗದಂತೆ ಇಡುವುದು ಹೆಚ್ಚು ಫಲ ಕೊಡುತ್ತದೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆಯಬಾರದು. ಹೊಡೆದರೆ ಜಿರಳೆ ಅತ್ತ ಸುಳಿಯುವುದೇ ಇಲ್ಲ.

ನೀರಿಗಿಂತ ಮೊದಲು ಕರೆಂಟು

ಬಿರುಮಳೆಯಲ್ಲಿ ಜೀವ ತೆಗೆಯುವುದು ನೀರು ಮಾತ್ರ ಅಲ್ಲ. 2025ರ ಮೇ 19ರಂದು ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ಮೋಟಾರಿನಿಂದ ಎತ್ತುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಅವರಲ್ಲಿ ಒಬ್ಬ ಬಾಲಕ. ಅದೇ ದಿನ ಮಹದೇವಪುರದಲ್ಲಿ ಕಾಂಪೌಂಡ್ ಗೋಡೆ ಕುಸಿದು ಕೆಲಸಕ್ಕೆ ಬಂದಿದ್ದ ಮಹಿಳೆ ಪ್ರಾಣ ಬಿಟ್ಟರು. 2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದ ಫುಟ್‌ಪಾತಿನಲ್ಲಿ ತುಂಡಾಗಿ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ, ಮಗು ಸತ್ತಾಗ ಮಳೆ ಕಾರಣವಾಗಿರಲಿಲ್ಲ. ಇಲಿಯಿಂದಾದ ಶಾರ್ಟ್ ಸರ್ಕ್ಯೂಟ್ ಎಂಬ ವಿವರಣೆ ಆಗ ಕೇಳಿಬಂದಿತ್ತು. ಕಾರಣ ಏನೇ ಇರಲಿ, ಎಲ್ಲ ಕಡೆ ಪಾಠ ಒಂದೇ. ನೀರು ನಿಂತ ಕಡೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದನ್ನು ಮುಟ್ಟಲು ನೀರಿನಲ್ಲೇ ನಡೆಯಬೇಕಾದರೆ ನಡೆಯದೆ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಬೇಕು. ಕಾರು ಉಳಿಸಲು ಬೇಸ್‌ಮೆಂಟಿಗೆ ಇಳಿಯಬಾರದು, ಲಿಫ್ಟ್ ಹತ್ತಬಾರದು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಇದೆಯೇ ಎಂದು ಮಳೆಗಾಲದ ಮುಂಚೆಯೇ ನೋಡಿಕೊಳ್ಳಬೇಕು. ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳಬೇಕು. ಬೀಳದಿದ್ದರೆ ಇದ್ದೂ ಇಲ್ಲದ ಹಾಗೆ.

ಮೋಡದ ಸುದ್ದಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಬೆಂಗಳೂರು ಮೇಘಸಂದೇಶ’ ಆ್ಯಪ್ ಇದೆ. ಬಡಾವಣೆವಾರು ಮಳೆಮಾಪಕಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಇದೆ.

ಮೊದಲ ಗುಡುಗಿಗೂ ಮುನ್ನ

ಈ ಎಲ್ಲ ಕಾಟಕ್ಕೂ ಯುಗಾದಿಯ ಆಸುಪಾಸಿನಲ್ಲಿ ಒಂದು ಭಾನುವಾರ ಎತ್ತಿಡಬಹುದು. ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಚುಂಡಿಲಿ ನುಸುಳುತ್ತದೆ, ಹೆಬ್ಬೆರಳು ತೂರುವಷ್ಟರಲ್ಲಿ ದೊಡ್ಡ ಇಲಿಯೂ ನುಗ್ಗುತ್ತದೆ. ಸಿಂಕಿನ ಕೆಳಗಿನ ಪೈಪಿನ ಸುತ್ತ, ಎಸಿ ಪೈಪು, ಕೇಬಲ್ ಒಳಬರುವ ತೂತು, ಕಿಟಕಿ ಚೌಕಟ್ಟಿನ ಬಿರುಕು ಇವನ್ನು ವೈಟ್ ಸಿಮೆಂಟ್, ಎಂ–ಸೀಲ್‌ನಿಂದ ಮುಚ್ಚಬೇಕು. ಮಳೆನೀರು ಒಳಬರುವುದೂ ಇದೇ ತೂತುಗಳಿಂದ. ಬಚ್ಚಲಿನ ಜಾಲಿಯ ಕೆಳಗಿರುವ ನಾನಿ ಟ್ರ್ಯಾಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ವಾಸನೆಗೂ ಜಿರಳೆಗೂ ಅದೇ ತಡೆ. ದಸರೆಗೆಂದು ಹತ್ತು ದಿನ ಊರಿಗೆ ಹೋದರೆ ಆ ನೀರು ಆರಿಹೋಗಬಹುದು. ಬಂದು ದೀಪ ಹಾಕಿದಾಗ ಜಿರಳೆಗಳು ಓಡುವುದು ಅದಕ್ಕೇ. ಹೊರಡುವಾಗ ಎಲ್ಲ ಬಚ್ಚಲಿಗೂ ಒಂದೊಂದು ಬಕೆಟ್ ನೀರು ಸುರಿದು, ಜಾಲಿಯ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಭಾರ ಇಡಬೇಕು. ದಸರೆ ಎಂದರೆ ಹಸ್ತ, ಚಿತ್ತೆಯ ಮಳೆ. ಬಾಲ್ಕನಿಯ ನೀರಿಳಿಯುವ ಪೈಪಿಗೆ ಎಲೆ, ಪಾರಿವಾಳದ ಗೂಡು ಕಟ್ಟಿಕೊಂಡಿದ್ದರೆ ಬೀಗ ಹಾಕಿದ ಮನೆಯೊಳಗೆ ಕೆರೆಯಾಗುತ್ತದೆ.

ಇಲಿಗೆ ಹೆದರಿ ಕಟ್ಟಿದ ಊರು

ಇದೆಲ್ಲ ಒಬ್ಬೊಬ್ಬರ ಮನೆಯ ಮಾತು. ಊರಿನ ಮಾತು ಬೇರೆ ಇದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿ ಬಿದ್ದ ಮನೆಯಿಂದ ಜನ ಗುಡಿಸಲಿಗೆ ಓಡಿದರು, ಪ್ಲೇಗಮ್ಮನ ಗುಡಿಗಳು ಎದ್ದವು. ಆಗಲೇ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸಕ್ಕೆ ವೇಗ ಸಿಕ್ಕಿತು. ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ, ಗಾಳಿ ಬೆಳಕು ಅಲ್ಲಿನ ನಕ್ಷೆಯಲ್ಲೇ ಇತ್ತು. ದಂಡು ಪ್ರದೇಶದಲ್ಲಿ 1906ರಿಂದ ರೂಪುಗೊಂಡ ಫ್ರೇಜರ್ ಟೌನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ರೂಪಿಸಿದ ಜೆ.ಎಚ್. ಸ್ಟೀಫನ್ಸ್ ಇಲಿ ನುಸುಳದಂಥ ಮನೆ ಹೇಗಿರಬೇಕು, ಬೀದಿ ಹೇಗಿರಬೇಕು ಎಂದು ಯೋಚಿಸಿ ಕಟ್ಟಿಸಿದರು. ಪ್ಲೇಗ್ ಸುಳಿಯದ ಊರು ಕಟ್ಟುವ ಬಗೆಯ ಬಗ್ಗೆ 1914ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

ನೂರು ವರ್ಷಕ್ಕೂ ಹಿಂದೆ ಒಂದು ಇಲಿಗೆ ಹೆದರಿ ನಕ್ಷೆ ಬದಲಿಸಿದ ಊರೇ, ಮುಂದೆ ರಾಜಕಾಲುವೆಯ ಮೇಲೆ ಕಾಂಪೌಂಡ್ ಏರುವುದನ್ನು ನೋಡುತ್ತ ಕೂತಿತು. 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. ತಾರಸಿಯ ನೀರನ್ನು ಸಂಪಿಗೋ ಇಂಗುಗುಂಡಿಗೋ ಬಿಡುವ ಆ ನಿಯಮವನ್ನು ಎಲ್ಲರೂ ಮನಸ್ಸಿಟ್ಟು ಪಾಲಿಸಿದ್ದರೆ ಬೇಸಿಗೆಯ ಡ್ರಮ್ಮೂ ಕಡಿಮೆಯಾಗುತ್ತಿತ್ತು, ಚರಂಡಿಯ ಉಕ್ಕೂ ಇಳಿಯುತ್ತಿತ್ತು. ಸೊಳ್ಳೆ, ಜಿರಳೆಗಳಿಗೆ ಒಂದೊಂದು ದಾರಿ ಮುಚ್ಚುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾದರೆ ಸಾಲದು, ಕಾಲುವೆಯ ಹೂಳೂ ಹೋಗಬೇಕು.

ಅಲ್ಲಿಯವರೆಗೆ ಬಾಡಿಗೆದಾರನ ಕೈಯಲ್ಲಿರುವುದು ಒಂದು ಕಾಗದ: ಹನ್ನೊಂದು ತಿಂಗಳ ಕರಾರುಪತ್ರ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಸಾಲು ಅದರಲ್ಲಿ ತಪ್ಪದೆ ಇರುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಯಾರು ಹಾಕಿಸಬೇಕು, ಗೋಡೆ ಜಿನುಗಿದರೆ ಎಷ್ಟು ದಿನದಲ್ಲಿ ಸರಿಪಡಿಸಬೇಕು, ಸಂಪು ವರ್ಷಕ್ಕೆ ಎಷ್ಟು ಸಲ ತೊಳೆಸಬೇಕು, ಮಳೆಗಾಲಕ್ಕೆ ಮುಂಚೆ ಚೇಂಬರ್ ಯಾರು ತೆಗೆಸಬೇಕು ಎಂಬ ಸಾಲು ಇರುವುದಿಲ್ಲ. ಕೇಳಿದರೆ ಮಾಲೀಕರು ಮನೆ ಕೊಡದೆ ಹೋಗಬಹುದು ಎಂಬ ಅಂಜಿಕೆ ಸಹಜ. ಆದರೂ ಅಡ್ವಾನ್ಸ್ ಎಣಿಸುವ ಮೊದಲು, ಮನೆ ತೋರಿಸುವ ಬ್ರೋಕರನ್ನು ಬಿಟ್ಟು, ಕೆಳಗಿನ ಅಂಗಡಿಯ ಅಣ್ಣನನ್ನೋ ಇಸ್ತ್ರಿಯವರನ್ನೋ ಒಂದು ಮಾತು ಕೇಳಬೇಕು: ಹೋದ ಹುಬ್ಬೆ ಮಳೆಯಲ್ಲಿ ಈ ಬೀದಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಅವರು ಮೊಣಕಾಲು ತೋರಿಸಿದರೆ, ಆ ಮನೆಗೆ ಜಿರಳೆ, ಹೆಗ್ಗಣ ಬರುತ್ತವೆಯೇ ಎಂದು ಬೇರೆ ಕೇಳಬೇಕಾಗಿಲ್ಲ.